ಬಂಡಿ ಸಿಗದವರ ಹೆಗಲು

ಅರಣ್ಯಕಾಂಡ ಎಂದ ಕೂಡಲೆ ನಮಗೆ ನೆನಪಾಗುವುದು ಪಂಚವಟಿ, ಶೂರ್ಪಣಖಿ, ಮಾಯಾಮೃಗ. ಕನ್ನಡ ಬೈಬಲ್ಲಿನಲ್ಲೂ ಅದೇ ಹೆಸರಿನ ಪುಸ್ತಕವೊಂದಿದೆ. ಐಗುಪ್ತದ ಜೀತದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲರು ಮರುಭೂಮಿಯಲ್ಲಿ 40 ವರ್ಷ ಅಲೆದ ಕಥೆ ಅದು. ಕಥೆಗಿಂತ ಲೆಕ್ಕವೇ ಹೆಚ್ಚು. ಓದುವವರ ತಾಳ್ಮೆಯನ್ನು ಕೆಣಕುವಷ್ಟು. ಆ ಲೆಕ್ಕಗಳ ನಡುವೆ 7ನೆಯ ಅಧ್ಯಾಯದಲ್ಲಿ ಒಂದು ಹಂಚಿಕೆ ಬರುತ್ತದೆ. ದೇವರ ಗುಡಾರವನ್ನು ಸಾಗಿಸಲೆಂದು ಕುಲಗಳ ಹಿರಿಯರು 6 ಬಂಡಿ, 12 ಎತ್ತು ತಂದು ಒಪ್ಪಿಸುತ್ತಾರೆ. ಅವರ ನಾಯಕ ಮೋಶೆ ಅವನ್ನು ಸೇವೆಗೆಂದೇ ಮೀಸಲಾದ ಲೇವಿ ಕುಲದವರಿಗೆ ಹಂಚುತ್ತಾನೆ. ಪರದೆ, ಹೊದಿಕೆಗಳ ಹೊಣೆ ಹೊತ್ತ ಗೇರ್ಷೋನ್ಯರಿಗೆ 2 ಬಂಡಿ. ಹಲಗೆ, ಕಂಬಗಳ ಮೆರಾರೀಯರಿಗೆ 4. ಎಲ್ಲಕ್ಕಿಂತ ಪವಿತ್ರವಾದ ಮಂಜೂಷ, ದೀಪಸ್ತಂಭ, ವೇದಿಗಳನ್ನು ಒಯ್ಯಬೇಕಾದ ಕೆಹಾತ್ಯರಿಗೆ ಒಂದೂ ಇಲ್ಲ. ಅವರು ಹೆಗಲ ಮೇಲೆಯೇ ಹೊರಬೇಕು, ಮುಟ್ಟಿದರೆ ಸಾವು. ದೇವರ ಹತ್ತಿರದವರಿಗೆ ಸವಲತ್ತು ಹೆಚ್ಚು ಎಂಬ ಲೋಕರೂಢಿಯನ್ನು ಈ ಒಂದು ಹಂಚಿಕೆ ಬುಡಮೇಲು ಮಾಡಿಬಿಡುತ್ತದೆ.

ನಮ್ಮ ಕಡೆ ಧರ್ಮದ ನಾಯಕತ್ವ ಎಂದರೆ ಕಣ್ಣಿಗೆ ಕಟ್ಟುವುದು ಅಡ್ಡಪಲ್ಲಕ್ಕಿ. ಅಲ್ಲಿ ದೇವರ ಸೇವಕ ಹೊರುತ್ತಾನೆ, ಇಲ್ಲಿ ಭಕ್ತರು ಗುರುವನ್ನೇ ಹೊರುತ್ತಾರೆ. ಹಂಸಭಾವಿ, ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾಂವ ಎಲ್ಲವೂ ಮಠಗಳ ಸೀಮೆ. ಹಂಸಭಾವಿಯಲ್ಲಿ ಶಿಕ್ಷಣ ಸಂಸ್ಥೆಗೂ ಮೃತ್ಯುಂಜಯ ವಿದ್ಯಾಪೀಠ ಎಂದು ಹೆಸರು. ಓದು ಬರಹಕ್ಕೂ ಪೀಠವೆಂಬ ಮಾತೇ ನಮಗೆ ಒಗ್ಗಿದ್ದು. ಹೀಗಾಗಿ ಪೀಠವೆಂದರೆ ಮರ್ಯಾದೆಯೋ ಹೊರೆಯೋ ಎನ್ನುವ ಪ್ರಶ್ನೆ ಇಲ್ಲಿ ಪಂಡಿತರಿಗಷ್ಟೇ ಸೇರಿದ್ದಲ್ಲ. ಅದಕ್ಕೆ ಇದೇ ಸೀಮೆಯ ಒಬ್ಬರು ತಮ್ಮ ಬದುಕಿನಿಂದ ಕೊಟ್ಟ ಉತ್ತರ, ಆ ಹಳೆಯ ಇಸ್ರಾಯೇಲರ ನಿಯಮಗಳ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ಹೊರೆಯನ್ನು ತಾನು ಹೊರುವುದು ನಾಯಕನ ಅರ್ಧ ಕೆಲಸ, ಹೊರಬಲ್ಲ ಹೆಗಲುಗಳನ್ನು ತಯಾರು ಮಾಡುವುದು ಉಳಿದರ್ಧ ಎಂಬುದು ಆ ಉತ್ತರ.

ಹಾನಗಲ್ಲ ಕುಮಾರ ಸ್ವಾಮಿಗಳು ಹುಟ್ಟಿದ್ದು 1867ರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ; ಮನೆಯಲ್ಲಿಟ್ಟ ಹೆಸರು ಹಾಲಯ್ಯ. ಹಾನಗಲ್ಲಿನ ವಿರಕ್ತಮಠಕ್ಕೆ ಅಧಿಕಾರಿಗಳಾದ ಮೇಲೆ ಆ ಮಠವನ್ನೇ ಬೆಳೆಸಿಕೊಂಡು ಕೂತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಕೂರಲಿಲ್ಲ. 1904ರಲ್ಲಿ ಧಾರವಾಡದಲ್ಲಿ ಸಿರಸಂಗಿ ಲಿಂಗರಾಜ ದೇಸಾಯಿಯವರ ಅಧ್ಯಕ್ಷತೆಯಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದ್ದರ ಹಿಂದೆ ಇದ್ದವರು ಅವರು. ಐದು ವರ್ಷದ ಮೇಲೆ, 1909ರಲ್ಲಿ, ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಎದ್ದಿತು. ಅದು ಇನ್ನೊಂದು ಮಠವಾಗಿರಲಿಲ್ಲ, ಮಠಗಳಿಗೆ ಸ್ವಾಮಿಗಳಾಗುವವರನ್ನು ತಿದ್ದುವ ಶಾಲೆಯಾಗಿತ್ತು. ವಟುಗಳಿಗೆ ಅಲ್ಲಿ ಸಂಸ್ಕೃತ, ಯೋಗ, ಸಂಗೀತದ ಪಾಠ. ಜೊತೆಗೆ ಗೋಶಾಲೆ, ಸೆಗಣಿಯಿಂದ ವಿಭೂತಿ ಕಟ್ಟುವ ಕೆಲಸ, ತಾಡೋಲೆಗಳ ಸಂಗ್ರಹ. ಪಟ್ಟ ಕಟ್ಟಿಸಿಕೊಳ್ಳುವ ಮೊದಲು ಪಟ್ಟಕ್ಕೆ ತಕ್ಕವನಾಗಬೇಕು ಎಂಬುದನ್ನು ಉಪದೇಶ ಮಾಡಿ ಬಿಟ್ಟುಬಿಡದೆ, ಅದಕ್ಕೊಂದು ಸಂಸ್ಥೆ ಕಟ್ಟಿದ್ದು ಅವರ ಹೆಚ್ಚುಗಾರಿಕೆ.

ಹೊರಬಲ್ಲ ಹೆಗಲುಗಳನ್ನು ಹುಡುಕಬೇಕಾದ ಘಳಿಗೆ ಮೋಶೆಗೂ ಬಂದಿತ್ತು. ಮಾಂಸ ಬೇಕೆಂದು ಜನ ಅತ್ತು ಕರೆದಾಗ ಅವನು ದೇವರ ಮೇಲೆಯೇ ಸಿಡುಕುತ್ತಾನೆ: ಈ ಜನರನ್ನು ಹೆತ್ತವನು ನಾನೇನು, ಒಬ್ಬನೇ ಹೊರಲಾರೆ, ಇದಕ್ಕಿಂತ ಕೊಂದುಬಿಡು ಎಂಬ ಧಾಟಿಯಲ್ಲಿ. ಆಗ 70 ಹಿರಿಯರನ್ನು ಆರಿಸಿ, ಮೋಶೆಯ ಮೇಲಿದ್ದ ಆತ್ಮದಲ್ಲಿ ಅವರಿಗೂ ಪಾಲು ಕೊಡಲಾಗುತ್ತದೆ. ಗುಡಾರಕ್ಕೆ ಬಾರದೆ ಪಾಳೆಯದಲ್ಲೇ ಉಳಿದ ಎಲ್ದಾದ್, ಮೇದಾದ್ ಎಂಬಿಬ್ಬರೂ ಪ್ರವಾದಿಸತೊಡಗಿದಾಗ ಶಿಷ್ಯ ಯೆಹೋಶುವ ಅವರನ್ನು ತಡೆಯಬೇಕೆಂದು ಮೋಶೆಯನ್ನು ಕೇಳಿಕೊಳ್ಳುತ್ತಾನೆ. ಗುರುವಿನ ಮಾನದ ಬಗ್ಗೆ ಗುರುವಿಗಿಂತ ಶಿಷ್ಯರಿಗೇ ಹೆಚ್ಚು ಕಾಳಜಿ. ಇದು ಎಲ್ಲ ಮಠಗಳಲ್ಲೂ ಕಂಡದ್ದೇ. ಮೋಶೆ ಮಾತ್ರ ಜನರೆಲ್ಲರೂ ಪ್ರವಾದಿಗಳಾಗಲಿ ಎಂದು ಹಾರೈಸುತ್ತಾನೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಜನರೆಲ್ಲರೂ ಪವಿತ್ರರಾದ ಮೇಲೆ ನಡುವೆ ಸೇವಕರ ಕುಲವೇಕೆ, ಸ್ವಾಮಿಗಳೇಕೆ? 250 ಮುಖಂಡರನ್ನು ಕಟ್ಟಿಕೊಂಡು ಮೋಶೆ, ಯಾಜಕ ಆರೋನರ ಎದುರು ನಿಂತ ಕೋರಹ ಕೇಳಿದ್ದು ಇದನ್ನೇ. ಪ್ರತಿಯೊಬ್ಬರ ಅಂಗೈಗೂ ಇಷ್ಟಲಿಂಗ ಬಂದ 12ನೆಯ ಶತಮಾನದ ಕಲ್ಯಾಣದ ಶರಣರೂ ಪೂಜಾರಿಯ ನಡುಹಾದಿಯನ್ನು ಮುಚ್ಚಿದವರೇ. ಕೋರಹನನ್ನು ಭೂಮಿ ಬಾಯ್ತೆರೆದು ನುಂಗಿತು ಎಂದು ಗ್ರಂಥ ಹೇಳುತ್ತದೆ. ಗೆದ್ದವರು ಬರೆದ ಕಥೆಯಲ್ಲಿ ಸೋತವನನ್ನು ನುಂಗಲು ಭೂಮಿಗೆ ಹೊತ್ತಾಗದು. ಆದರೂ ಒಂದು ವಿವರವನ್ನು ಗಮನಿಸಬೇಕು. ಕೋರಹ ಹೊರಗಿನವನಲ್ಲ, ಬಂಡಿ ಸಿಗದ ಕೆಹಾತ್ಯರಲ್ಲೇ ಒಬ್ಬ. ಹೆಗಲ ಹೊರೆ ಅವನಿಗೆ ಮೊದಲೇ ಇತ್ತು, ಅವನು ಕೇಳಿದ್ದು ಧೂಪ ಹಾಕುವ ಅಧಿಕಾರವನ್ನು. ಸಮಾನತೆಯ ಮಾತು ನಿಜವಾಗಿಯೂ ಹೊರೆಯ ಹಂಚಿಕೆಗೋ, ಗೌರವದ ಹಂಚಿಕೆಗೋ ಎಂದು ನೋಡದೆ ಅದನ್ನು ಒಪ್ಪುವುದೂ ಕಷ್ಟ, ತಳ್ಳುವುದೂ ಕಷ್ಟ. ಲಿಂಗ ಅಂಗೈಯಲ್ಲಿದ್ದರೂ ಅಕ್ಷರ ಕಲಿಸಲು, ಬರಗಾಲದಲ್ಲಿ ಗಂಜಿ ಬೇಯಿಸಲು, ಊರ ಜಗಳ ಹರಿಸಲು ಯಾರಾದರೂ ಬೇಕೇ ಬೇಕು. ಸ್ವಾಮಿಗಳು ಬೇಕೆಂಬ ವಾದಕ್ಕೆ ಬಲವಿರುವುದು ಇಷ್ಟರಲ್ಲಿ ಮಾತ್ರ, ಇದಕ್ಕಿಂತ ಹೆಚ್ಚಿನದರಲ್ಲಿ ಇಲ್ಲ ಎಂದೇ ನನ್ನ ತಿಳಿವಳಿಕೆ.

ಹುಟ್ಟಿನ ಆಕ್ಷೇಪ ಇದಕ್ಕಿಂತ ಇಕ್ಕಟ್ಟಿನದು. ಲೇವಿಯರ ಸೇವೆ ಹುಟ್ಟಿನಿಂದಲೇ ಬಂದದ್ದು. ಇಸ್ರಾಯೇಲರ 22,273 ಚೊಚ್ಚಲ ಗಂಡುಮಕ್ಕಳಿಗೆ ಬದಲಾಗಿ 22,000 ಲೇವಿಯರು ದೇವರಿಗೆ ಸಂದರು. ಉಳಿದ 273 ಮಂದಿಗೆ ತಲೆಗೆ 5 ಶೆಕೆಲ್ ಬೆಳ್ಳಿಯಂತೆ ಬಿಡುಗಡೆಯ ಹಣ. ಕುಲದ ಪಾಲಿಗೆ ಹೊಲವಿಲ್ಲ, ಜನ ಕೊಡುವ ಹತ್ತರಲ್ಲೊಂದು ಪಾಲೇ ಜೀವನ. ನಮ್ಮ ವಿರಕ್ತಮಠಗಳ ಸ್ವಾಮಿಗಳು ಸಂಸಾರವಿಲ್ಲದವರು, ಆದ್ದರಿಂದ ಉತ್ತರಾಧಿಕಾರಿಯನ್ನು ಆರಿಸಿಯೇ ತರಬೇಕು. ಹಾಗಾಗಿ ಹುಟ್ಟಿನ ಹಂಗು ಕಡಿಮೆ ಎನ್ನಬಹುದು. ಪೂರ್ತಿ ಹಾಗೆನ್ನಲು ನಾಲಿಗೆ ಹೊರಳದು. ಹಾಲಯ್ಯ, ಗದಿಗೆಯ್ಯ, ಪುಟ್ಟಯ್ಯ: ಈ ಲೇಖನದಲ್ಲಿ ಈಗಾಗಲೇ ಬಂದ, ಮುಂದೆ ಬರಲಿರುವ ಮೂವರ ಹೆಸರಿನ ಕೊನೆಗೂ ‘ಅಯ್ಯ’ ಇದೆ, ಮೂವರೂ ಜಂಗಮ ಮನೆತನದವರು. ಮಠಕ್ಕೆ ಮಗನನ್ನು ಬಿಡುವ ತಾಯಿತಂದೆ ಆ ಕೂಸಿನ ಒಪ್ಪಿಗೆಯನ್ನೂ ಕೇಳುತ್ತಿರಲಿಲ್ಲ, ಸಮುವೇಲನನ್ನು ದೇವಾಲಯಕ್ಕೆ ಬಿಟ್ಟ ಹನ್ನಳ ಹಾಗೆಯೇ. ಇನ್ನೊಂದು ಮಾತು: ಲೇವಿಯರು 30ರಿಂದ 50ರ ವಯಸ್ಸಿನವರೆಗೆ ಮಾತ್ರ ಹೊರಬೇಕಿತ್ತು. ಐವತ್ತಾದ ಮೇಲೆ ತಮ್ಮವರಿಗೆ ಒತ್ತಾಸೆಯಾಗಿರಬಹುದು, ಹೊರುವ ಹಾಗಿಲ್ಲ. ನಮ್ಮ ಪೀಠಗಳಲ್ಲಿ ಅಂಥ ಪದ್ಧತಿ ಬೇರೂರಲಿಲ್ಲ.

ಆದರೆ ಹಳೆಯ ಯಾಜಕ ನಿಯಮ ಬಾಗಿಲು ಮುಚ್ಚಿದ ಒಂದು ಕಡೆ ಕುಮಾರ ಸ್ವಾಮಿಗಳು ಬಾಗಿಲು ತೆರೆದರು. ಯಾಜಕಕಾಂಡದ 21ನೆಯ ಅಧ್ಯಾಯದಲ್ಲಿ, ಆರೋನನ ವಂಶದವನೇ ಆದರೂ ಅಂಗದೋಷವಿದ್ದವನು ವೇದಿಯ ಹತ್ತಿರ ಬರಕೂಡದು ಎಂಬ ಪಟ್ಟಿ ಇದೆ. ಪಟ್ಟಿಯಲ್ಲಿ ಮೊದಲು ಬರುವವನು ಕುರುಡ. ದೇವರ ನೈವೇದ್ಯದಲ್ಲಿ ಅವನಿಗೆ ಪಾಲುಂಟು, ಸೇವೆಯಲ್ಲಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅನುಕಂಪದ ಮುದ್ದೆಗೆ ನಿಲ್ಲಿಸದೆ ಸ್ವಾಮಿಗಳು ಆ ಹುಡುಗನಿಗೆ ಸಂಗೀತ ಕಲಿಸಿದರು. ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಪಾಠ ಆಯಿತು. ಆ ಗದಿಗೆಯ್ಯನೇ ಮುಂದಿನ ಪಂಚಾಕ್ಷರ ಗವಾಯಿಗಳು. ಪೀಠ ಕೊಡದೆ ಹಾಡು ಕೊಟ್ಟರಷ್ಟೇ, ಇದರಲ್ಲೇನು ಹೆಚ್ಚು ಎಂದು ಕೇಳಬಹುದು. ಆದರೆ ಗವಾಯಿಗಳು ಕಲಿತು ಸುಮ್ಮನಾಗಲಿಲ್ಲ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯೂರುವ ಮುನ್ನ ಅವರ ಪಾಠಶಾಲೆ ಊರಿಂದೂರಿಗೆ ಅಲೆಯುತ್ತಿತ್ತು. ಅಂಧ ಮಕ್ಕಳು, ಅನಾಥರು ಅದರ ಜೊತೆಗೇ ನಡೆದರು. ಅಲ್ಲಿ ‘ಅಯ್ಯ’ನ ಗೆರೆಯೂ ಅಳಿಸಿತು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಜನಪದ ಗಾಯಕರ ಮನೆಯ ಹುಡುಗ ಎಂ. ವೆಂಕಟೇಶ್ ಕುಮಾರ್ ಮುಂದೆ 12 ವರ್ಷ ಕಲಿತದ್ದು ಅದೇ ಆಶ್ರಮದಲ್ಲಿ.

ಕುಮಾರ ಸ್ವಾಮಿಗಳು 1930ರಲ್ಲಿ, ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡರು. ಆಶ್ರಮದ ಹೊರೆ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರ (ಮೊದಲ ಹೆಸರು ಪುಟ್ಟಯ್ಯ) ಹೆಗಲಿಗೆ ಬಂತು. ಆಗ ಅವರಿಗೆ 30, ಲೇವಿಯರು ಹೊರಲು ಶುರು ಮಾಡುತ್ತಿದ್ದ ವಯಸ್ಸು. ಐವತ್ತು ತುಂಬಿದಾಗ ಅವರು ಇಳಿಸಲಿಲ್ಲ. 2010ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹೊತ್ತರು.