ಪಾರಿಜಾತದ ವಿಡಿಯೊ ಕ್ಲೌಡ್‌ನಲ್ಲಿ ಇಡುವ ಬಗೆ

ವಿಡಿಯೊ ಸಂಸ್ಕರಿಸುವ ಆ್ಯಪ್‌ಗೆ ಕ್ಲೌಡ್ ಸ್ಟೋರೇಜ್ ಹೊಂದಿಸುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು: ಯಾವ ಫೈಲ್ ಕಳೆದರೆ ಮತ್ತೆ ಸಿಗುವುದಿಲ್ಲ, ಯಾವುದನ್ನು ಬೇಕೆಂದಾಗ ಮತ್ತೆ ತಯಾರಿಸಿಕೊಳ್ಳಬಹುದು? ಜಾಗ, ಖರ್ಚು, ಭದ್ರತೆಯ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ–ಮೂಡಲಗಿ ಸೀಮೆಯ ಶ್ರೀಕೃಷ್ಣ ಪಾರಿಜಾತ ಎಂಬ ಜಾನಪದ ಆಟವನ್ನೇ ತೆಗೆದುಕೊಳ್ಳೋಣ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕಲಾವಿದೆ ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಈ ಆಟ ಸಂಪ್ರದಾಯದಂತೆ ರಾತ್ರಿಯಿಡೀ ನಡೆಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. 6 ಗಂಟೆಯ ಆಟಕ್ಕೆ 270 ಜಿಬಿ. ಮೊಬೈಲಿನಲ್ಲಿ ನೋಡಲು 5 ಮೆಗಾಬಿಟ್‌ಗೆ ಇಳಿಸಿದ ಪ್ರತಿಗೆ 13.5 ಜಿಬಿ ಸಾಕು. ಮೊದಲನೆಯದು ಮೂಲ, ಎರಡನೆಯದನ್ನು ಅದರಿಂದ ಎಷ್ಟು ಸಲವಾದರೂ ತೆಗೆಯಬಹುದು.

ಇಂಥ ದೊಡ್ಡ ಫೈಲ್‌ಗಳಿಗೆ ಒಗ್ಗುವುದು ಪ್ರತಿ ಫೈಲನ್ನೂ ಒಂದು ಇಡೀ ವಸ್ತುವಾಗಿ ಇಡುವ ಆಬ್ಜೆಕ್ಟ್ ಸ್ಟೋರೇಜ್. 2006ರಲ್ಲಿ ಬಂದ ಅಮೆಜಾನ್ ಎಸ್3, ಗೂಗಲ್ ಕ್ಲೌಡ್ ಸ್ಟೋರೇಜ್, ಮೈಕ್ರೋಸಾಫ್ಟ್‌ನ ಅಝೂರ್ ಬ್ಲಾಬ್ ಈ ಬಗೆಯವು. ಮೂಲಕ್ಕೊಂದು, ತಯಾರಾದ ಪ್ರತಿಗಳಿಗೊಂದು ಎಂದು ಎರಡು ಬಕೆಟ್ (ಫೈಲ್ ಇಡುವ ವಿಭಾಗ) ಮಾಡಬೇಕು. ಬೆಳಗಾವಿ ಜಿಲ್ಲೆಗೆ ಹತ್ತಿರದ ಡೇಟಾ ಸೆಂಟರ್‌ಗಳು ಪುಣೆ, ಮುಂಬೈಯಲ್ಲಿವೆ: ಮೈಕ್ರೋಸಾಫ್ಟ್ 2015ರಲ್ಲಿ ಪುಣೆಯಲ್ಲಿ, ಅಮೆಜಾನ್ 2016ರಲ್ಲಿ ಮತ್ತು ಗೂಗಲ್ 2017ರಲ್ಲಿ ಮುಂಬೈಯಲ್ಲಿ ಸೇವೆ ತೆರೆದವು. ಸಂಸ್ಕರಿಸುವ ಸರ್ವರ್ ಕೂಡ ಅದೇ ಕೇಂದ್ರದಲ್ಲಿರಬೇಕು. ಇಲ್ಲವಾದರೆ ಫೈಲ್ ಅತ್ತಿಂದಿತ್ತ ಹೋದಾಗಲೆಲ್ಲ ಸಾಗಣೆಯ ಶುಲ್ಕ ಬೀಳುತ್ತದೆ.

ಅಪ್‌ಲೋಡ್ ಕಷ್ಟದ ಹಂತ. ಹುಕ್ಕೇರಿಯ ಸ್ಟುಡಿಯೊ ಒಂದಕ್ಕೆ 20 ಮೆಗಾಬಿಟ್ ಅಪ್‌ಲೋಡ್ ವೇಗ ಸಿಕ್ಕರೆ 270 ಜಿಬಿ ಕಳಿಸಲು 30 ಗಂಟೆ ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡುವಂತಾಗಬಾರದು. ಅದಕ್ಕಾಗಿ ಫೈಲನ್ನು ತುಂಡು ಮಾಡಿ ಕಳಿಸುವ ಮಲ್ಟಿಪಾರ್ಟ್ ವಿಧಾನವಿದೆ. ಎಸ್3ಯಲ್ಲಿ ಒಂದು ಫೈಲ್‌ಗೆ ಹೆಚ್ಚೆಂದರೆ 10,000 ತುಂಡು. 64 ಎಂಬಿಯ ತುಂಡಾದರೆ ಸುಮಾರು 4,200ರಲ್ಲಿ ಮುಗಿಯುತ್ತದೆ; ತಪ್ಪಿದ ತುಂಡನ್ನಷ್ಟೇ ಮತ್ತೆ ಕಳಿಸಿದರಾಯಿತು. ಅರ್ಧಕ್ಕೆ ಬಿಟ್ಟ ಅಪ್‌ಲೋಡ್‌ನ ತುಂಡುಗಳು ಫೈಲ್‌ಗಳ ಪಟ್ಟಿಯಲ್ಲಿ ಕಾಣದಿದ್ದರೂ ಅವಕ್ಕೆ ಬಾಡಿಗೆ ಏರುತ್ತಲೇ ಇರುತ್ತದೆ. 7 ದಿನದ ನಂತರ ಅವನ್ನು ತಾನಾಗಿ ಅಳಿಸುವ ನಿಯಮ ಹಾಕಿಡಬೇಕು. ಖಾತೆಯ ಗುಪ್ತ ಕೀಯನ್ನು ಆ್ಯಪ್‌ನೊಳಗೆ ಇಡುವಂತಿಲ್ಲ. ಸ್ವಲ್ಪ ಹೊತ್ತಷ್ಟೇ ನಡೆಯುವ ಸಹಿ ಹಾಕಿದ ಲಿಂಕ್‌ನಿಂದ ಅಪ್‌ಲೋಡ್ ಆಗಬೇಕು.

ಮೂಲ ಫೈಲ್ ಪೂರ್ತಿ ಬಂದೊಡನೆ ಸ್ಟೋರೇಜ್ ಒಂದು ಸಂದೇಶ ಹೊರಡಿಸುವಂತೆ ಹೊಂದಿಸಬೇಕು. ಅದು ಸರದಿಯಲ್ಲಿ ನಿಲ್ಲುತ್ತದೆ; ಸಂಸ್ಕರಿಸುವ ಸರ್ವರ್ ಅದನ್ನು ಎತ್ತಿಕೊಂಡು ಎಫ್‌ಎಫ್‌ಎಂಪೆಗ್‌ನಂಥ ತಂತ್ರಾಂಶದಿಂದ 1080, 720, 480 ಗುಣಮಟ್ಟದ ಪ್ರತಿಗಳನ್ನು ತೆಗೆಯುತ್ತದೆ. ಅವು ಎರಡನೆಯ ಬಕೆಟ್‌ಗೇ ಹೋಗಬೇಕು. ಮೂಲದ ಬಕೆಟ್‌ಗೆ ಬಿದ್ದರೆ ಪ್ರತಿಯೂ ಹೊಸ ಫೈಲ್ ಎನಿಸಿ ಮತ್ತೆ ಸಂಸ್ಕರಣೆ ಶುರುವಾಗಬಹುದು. ಆ ಸುತ್ತು ನಿಲ್ಲದೆ ಬಿಲ್ ಬೆಳೆಯುತ್ತದೆ.

ಎರಡೂ ಬಕೆಟ್‌ಗಳಿಗೆ ಸಾರ್ವಜನಿಕ ಪ್ರವೇಶ ಮುಚ್ಚಿರಬೇಕು. ನೋಡುಗರಿಗೆ ವಿಡಿಯೊ ಸಿಡಿಎನ್ (ಹತ್ತಿರದ ಸರ್ವರ್‌ಗಳಿಂದ ಹಂಚುವ ಜಾಲ) ಮೂಲಕ ತಲುಪಬೇಕು. ಮೂಲವನ್ನು ತಿಂಗಳ ನಂತರ ಅಗ್ಗದ ಆರ್ಕೈವ್ ದರ್ಜೆಗೆ ಇಳಿಸಬಹುದು. ಆದರೆ ಕೆಲವು ದರ್ಜೆಗಳಿಂದ ಅದನ್ನು ಹಿಂದೆ ತರಿಸಲು ಗಂಟೆಗಟ್ಟಲೆ ಕಾಯಬೇಕು, ಅದಕ್ಕೂ ಶುಲ್ಕವಿದೆ. ಡಿಸ್ಕ್ ಕೆಟ್ಟರೂ ಕ್ಲೌಡ್ ಫೈಲನ್ನು ಉಳಿಸುತ್ತದೆ. ಒಡೆಯನ ಕೈಯಿಂದಲೇ ಅಳಿಸಿಹೋದದ್ದನ್ನು ಉಳಿಸುವ ಭರವಸೆಯಿಲ್ಲ. ಹಾಗಾಗಿ ಮೂಲದ ಬಕೆಟ್‌ಗೆ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ವರ್ಷನಿಂಗ್ ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಖಾತೆಯಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇಡಬೇಕು.