ಗೆರೆಗಳಲ್ಲಿ ಮೂಡಿದ ಶೋಕ

ಆಂದ್ರೇಯ ಮಾಂಟೆನ್ಯ (1431–1506) ಇಟಲಿಯ ಮಾಂಟುವಾ ಅರಮನೆಯ ಚಿತ್ರಕಾರ. ಯೇಸುಕ್ರಿಸ್ತನ ಶವಸಂಸ್ಕಾರವನ್ನು ಅವನು ಬಣ್ಣವಿಲ್ಲದೆ, ಬರಿಯ ಗೆರೆಗಳಲ್ಲಿ ರೂಪಿಸಿದನು. ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆಗಳನ್ನು ಕೊರೆದು, ಅವುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನಿಟ್ಟು ಒತ್ತಿದರೆ ಇಂತಹ ಚಿತ್ರ ಮೂಡುತ್ತದೆ.

ಇಬ್ಬರು ಯೇಸುವಿನ ದೇಹವನ್ನು ವಸ್ತ್ರದಲ್ಲಿ ಹೊತ್ತು ಕಲ್ಲಿನ ಸಮಾಧಿಗೆ ತರುತ್ತಿದ್ದಾರೆ. ತಾಯಿ ಮರಿಯಳು ಮೂರ್ಛೆಹೋಗಿದ್ದಾಳೆ. ದೂರದ ಗುಡ್ಡದ ಮೇಲೆ ಶಿಲುಬೆಗಳು. ಆದರೆ ನೋಡುವವರ ಕಣ್ಣು ನಿಲ್ಲುವುದು ಬಲತುದಿಯಲ್ಲಿರುವ ಶಿಷ್ಯ ಯೋಹಾನನ ಮೇಲೆ. ಅವನು ಯಾರಿಗೂ ಒರಗದೆ, ಕೈಗಳನ್ನು ಬಿಗಿಯಾಗಿ ಹೆಣೆದು, ಬಾಯ್ದೆರೆದು ಗೋಳಿಡುತ್ತಾನೆ. ಕಾಗದಕ್ಕೆ ದನಿಯಿಲ್ಲವೆಂಬುದನ್ನು ಇಲ್ಲಿ ನಂಬುವುದು ಕಷ್ಟ.

ರಫಾಯೆಲನು 1507ರಲ್ಲಿ ಇದೇ ಪ್ರಸಂಗವನ್ನು ವರ್ಣಚಿತ್ರವಾಗಿ ರಚಿಸುವಾಗ ಈ ಮುದ್ರಣಚಿತ್ರದಿಂದ ನೆರವು ಪಡೆದನು. ಆ ವರ್ಣಚಿತ್ರವನ್ನು ಬರೆಯಿಸಿದವಳು ಪೆರೂಜಾ ನಗರದ ಅತಲಾಂತಾ ಬಾಲ್ಯೋನಿ. ಅವಳ ಮಗ 1500ರಲ್ಲಿ ಕೊಲೆಯಾಗಿದ್ದನು.