ಜ್ವರ ಇಳಿದ ಮೇಲೆ

2020 ಮತ್ತು 2021ನೆಯ ಇಸವಿಗಳಲ್ಲಿ ಕೋವಿಡ್ ಪಿಡುಗು ಲೋಕವನ್ನೇ ತಲ್ಲಣಗೊಳಿಸಿದ್ದಾಗ ನಮ್ಮ ರಾಜ್ಯದ ಆರೋಗ್ಯ ಇಲಾಖೆಯು ದಿನಂಪ್ರತಿ ಒಂದು ಪ್ರಕಟಣೆಯನ್ನು ಹೊರಡಿಸುತ್ತಿದ್ದಿತು. ಹೊಸದಾಗಿ ಸೋಂಕು ತಗಲಿದವರೆಷ್ಟು, ಮೃತಪಟ್ಟವರೆಷ್ಟು, ಬಿಡುಗಡೆಯಾದವರೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತಿತ್ತು. ಬಿಡುಗಡೆಯಾದವರ ಸಂಖ್ಯೆಯನ್ನು ಓದಿ ಜನರು ನಿಟ್ಟುಸಿರು ಬಿಡುತ್ತಿದ್ದರು. ಆದರೆ ಹಾಗೆ ಮನೆಗೆ ಮರಳಿದವರೆಲ್ಲರೂ ನಿಜವಾಗಿ ಗುಣಹೊಂದಿದ್ದರೆ?

ಇಟಲಿಯ ರೋಮ್ ನಗರದ ಗೆಮೆಲ್ಲಿ ಆಸ್ಪತ್ರೆಯ ವೈದ್ಯರು 2020ರಲ್ಲಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆಸ್ಪತ್ರೆಯಿಂದ ಮನೆಗೆ ತೆರಳಿದ್ದ 143 ಮಂದಿಯನ್ನು, ರೋಗ ಆರಂಭವಾಗಿ ಸುಮಾರು ಎರಡು ತಿಂಗಳು ಕಳೆದ ಬಳಿಕ, ಪುನಃ ಪರೀಕ್ಷಿಸಿದರು. ಯಾವ ರೋಗಲಕ್ಷಣವೂ ಉಳಿಯದೆ ಇದ್ದವರು ಎಂಟು ಜನರಲ್ಲಿ ಒಬ್ಬರು ಮಾತ್ರ! ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಆಯಾಸ ಬಾಧಿಸುತ್ತಿತ್ತು. ಅನೇಕರಿಗೆ ಉಸಿರು ಕಟ್ಟುತ್ತಿತ್ತು. ಈ ಸ್ಥಿತಿಗೆ ‘ದೀರ್ಘ ಕೋವಿಡ್’ ಎಂದು ಹೆಸರಾಯಿತು. ಹೆಸರಿಟ್ಟವರು ವೈದ್ಯರಲ್ಲ, ರೋಗಿಗಳೇ ಎಂಬುದು ವಿಶೇಷ. ಸೋಂಕಿನ ಅನಂತರ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೋರಿ, ಕನಿಷ್ಠಪಕ್ಷ ಎರಡು ತಿಂಗಳಾದರೂ ಉಳಿಯುವ, ಬೇರೆ ಕಾರಣ ಕಾಣದ ತೊಂದರೆಗಳು ಇದಕ್ಕೆ ಸೇರುತ್ತವೆಂದು 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಿರೂಪಿಸಿತು.

ವೃದ್ಧರಲ್ಲಿ ಇದರ ಹಾವಳಿ ಹೆಚ್ಚು. ಸೋಂಕಿಗೆ ಸಂಬಂಧಿಸಿರಬಹುದಾದ ಒಂದಲ್ಲ ಒಂದು ಹೊಸ ತೊಂದರೆಯು ಅರುವತ್ತೈದು ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಅದಕ್ಕಿಂತ ಕಿರಿಯ ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗೆ ಕಂಡುಬಂದಿತೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಈ ವೈರಾಣು ಶ್ವಾಸಕೋಶವನ್ನಷ್ಟೇ ಕೆಡಿಸುವುದಿಲ್ಲ. ರಕ್ತನಾಳಗಳ ಒಳಪದರವೂ ಅದರಿಂದ ಘಾಸಿಗೊಳ್ಳುತ್ತದೆ. ರಕ್ತನಾಳಗಳಿಲ್ಲದ ಅಂಗ ಯಾವುದು? ಹೃದಯ, ಮೂತ್ರಪಿಂಡ, ಮಿದುಳುಗಳಿಗೂ ಪೆಟ್ಟು ಬೀಳುವುದಕ್ಕೆ ಇದೊಂದು ಕಾರಣ.

ಅಜ್ಜ ಹೆಸರು ಮರೆಯುತ್ತಾರೆ, ಅಜ್ಜಿ ಮೆಟ್ಟಲು ಹತ್ತಲಾರದೆ ನಡುವೆ ಕುಳಿತುಬಿಡುತ್ತಾರೆ. “ವಯಸ್ಸಾಯಿತಲ್ಲ!” ಎಂದು ಮನೆಯವರು ಸುಮ್ಮನಾಗುತ್ತಾರೆ, ಎಷ್ಟೋ ಸಲ ಅಜ್ಜಿಯೂ ಅದನ್ನೇ ಹೇಳಿಕೊಳ್ಳುತ್ತಾರೆ. ಆದರೆ ಮುಪ್ಪು ವರ್ಷಗಳ ಕಾಲ ಮೆಲ್ಲಮೆಲ್ಲನೆ ಬರುವಂಥದು, ಒಂದು ಜ್ವರದ ಬೆನ್ನಿಗೇ ಬರುವುದಲ್ಲ. ಕಾಯಿಲೆಗೆ ಮುಂಚೆ ಸಂತೆಗೆ ನಡೆದು ಹೋಗಿಬರುತ್ತಿದ್ದವರು ಈಗ ಬಾಗಿಲವರೆಗೆ ಬಂದರೆ ಏದುಸಿರು ಬಿಡುತ್ತಾರೆಂದರೆ ವೈದ್ಯರಿಗೆ ಹೇಳಬೇಕಾದ ಮಾತು ಅದೇ. ದೀರ್ಘ ಕೋವಿಡನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಎಂಬುದಿಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಹೃದಯದ ದೌರ್ಬಲ್ಯ ಇವೂ ಇಂಥ ದಣಿವನ್ನೇ ತರುತ್ತವೆ. ಇವಕ್ಕೆ ಚಿಕಿತ್ಸೆಯುಂಟು. ವಯಸ್ಸೆಂದು ಕೈಬಿಟ್ಟರೆ ಅವೂ ಮರೆಯಲ್ಲೇ ಉಳಿದುಬಿಡುತ್ತವೆ.

ಆರೈಕೆಯೂ ಸುಲಭವಲ್ಲ. ಆರೋಗ್ಯವಂತ ವೃದ್ಧರು ಸಹ ಹತ್ತು ದಿನ ಹಾಸಿಗೆ ಹಿಡಿದು ಮಲಗಿದರೆ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋಗ್ರಾಮಿನಷ್ಟು ಕರಗಬಹುದೆಂದು 2007ರ ಪ್ರಯೋಗವೊಂದರಿಂದ ತಿಳಿದಿತ್ತು. ಹಾಗೆಂದು ಬಲವಂತದ ವ್ಯಾಯಾಮವೂ ಸಲ್ಲದು. ಕೆಲವು ರೋಗಿಗಳಿಗೆ ಇಂದಿನ ಶ್ರಮದ ಫಲ ನಾಳೆ, ನಾಡಿದ್ದು ತೀವ್ರ ಬಳಲಿಕೆಯಾಗಿ ಪರಿಣಮಿಸುತ್ತದೆ. ಅಂಥವರು ದಣಿವಾಗುವ ಮೊದಲೇ ನಿಲ್ಲಿಸಿ, ಕೆಲಸವನ್ನು ತುಂಡುತುಂಡಾಗಿ ಹಂಚಿಕೊಳ್ಳಬೇಕಾಗುತ್ತದೆ.

ವಾಸನೆಯ ಶಕ್ತಿ ಕುಂದುವುದನ್ನು ಅಲ್ಪವೆಂದು ಭಾವಿಸುವವರಿದ್ದಾರೆ. ಒಬ್ಬಂಟಿಯಾಗಿರುವ ಮುದುಕಿಗೆ ಹಾಲು ಸೀದುದಾಗಲಿ, ಅಡಿಗೆಯ ಅನಿಲ ಸೋರಿದುದಾಗಲಿ ತಿಳಿಯದಿದ್ದರೆ ಗತಿಯೇನು? ಒಗ್ಗರಣೆಯ ಘಮವಿಲ್ಲದ ಸಾರು ರುಚಿಸದೆ ಊಟವೂ ಕುಗ್ಗುತ್ತದೆ, ಮೈತೂಕವೂ ಇಳಿಯುತ್ತದೆ. ವೈರಾಣು ಹಾಳುಮಾಡುವುದು ಬಹುಮಟ್ಟಿಗೆ ಘ್ರಾಣ ನರಕೋಶಗಳನ್ನಲ್ಲ, ಅವುಗಳಿಗೆ ಆಧಾರವಾದ ನೆರೆಯ ಕೋಶಗಳನ್ನು. ಅನೇಕರಲ್ಲಿ ಈ ಶಕ್ತಿ ಮರಳುವುದು ಆದುದರಿಂದಲೇ. ಮರಳಲು ತಡವಾದವರಿಗೆ ವೈದ್ಯರು ಒಂದು ಅಭ್ಯಾಸವನ್ನು ಹೇಳಿಕೊಡುತ್ತಾರೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರ ಪರಿಮಳವನ್ನು ಬೆಳಿಗ್ಗೆ, ಸಂಜೆ ಒಂದೊಂದಾಗಿ, ಮನಸ್ಸಿಟ್ಟು ಮೂಸುವುದು. ಕೆಲವು ತಿಂಗಳು ಬಿಡದೆ ನಡೆಸಿದರೆ ಹಲವರಿಗೆ ಮೊದಲು ಲವಂಗವೋ ನಿಂಬೆಯೋ ಮಸುಕಾಗಿ ತಿಳಿಯತೊಡಗುತ್ತದೆ.